ಮೂರು ನಿಮಿಷ ಉಳಿದಾಗ ಹಾಕಿದ ಹಾಡು

ಇಪ್ಪತ್ತಾರು ವರ್ಷ ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಿದ್ದೆ. ಅದರಲ್ಲಿ ಅರ್ಧಕ್ಕರ್ಧ ರಾತ್ರಿ ಪಾಳಿ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಯಾರಾದರೂ ಮಾತಿನ ನಡುವೆ ಐದು ಸೆಕೆಂಡು ಸುಮ್ಮನಾದರೆ ನನ್ನ ಕೈ ತಾನಾಗಿಯೇ ಏನನ್ನೋ ಹುಡುಕುತ್ತದೆ. ಹುಡುಕುವುದು ಫಿಲ್ಲರನ್ನು. ಧ್ವನಿಮುದ್ರಿತ ಭಾಷಣ ಹತ್ತು ನಿಮಿಷ ಎಂದು ಕ್ಯೂ ಶೀಟಿನಲ್ಲಿ ಬರೆದಿರುತ್ತದೆ, ಭಾಷಣಕಾರರು ಏಳಕ್ಕೇ ಮುಗಿಸಿರುತ್ತಾರೆ. ಉಳಿದ ಮೂರು ನಿಮಿಷಕ್ಕೆ ಕೇಳುಗರ ಕಿವಿಯಲ್ಲಿ ಏನಾದರೂ ಇರಲೇಬೇಕು. ಒಂದು ವೀಣೆ, ಒಂದು ಶಹನಾಯ್, ಏನು ಕೈಗೆ ಸಿಕ್ಕಿತೋ ಅದು.

ಒಮ್ಮೆ ಹೀಗೇ ಲೈಬ್ರರಿಗೆ ಬೀಗ ಬಿದ್ದಿತ್ತು. ಸ್ಟುಡಿಯೋದ ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಒಂದೇ ಒಂದು ಎಲ್‌ಪಿ, ಕೊಳಲಿನದು. ಅದನ್ನೇ ಹಾಕಿದೆ. ಮರುದಿನವೂ ಅದೇ ಗತಿ, ಅದೇ ಕೊಳಲು. ಹನ್ನೊಂದು ರಾತ್ರಿ ಹೀಗೆ ನಡೆಯಿತು. ಹನ್ನೆರಡನೆಯ ದಿನ ಬೀಗದ ಕೈ ಸಿಕ್ಕಿತು, ಸಂತೋಷದಿಂದ ಬೇರೆ ಪ್ಲೇಟು ಹಾಕಿದೆ. ಆ ವಾರ ಬಂದ ಅಂಚೆ ಕಾರ್ಡುಗಳಲ್ಲಿ ಒಂದು ನನಗೆ ಇವತ್ತಿಗೂ ಬಾಯಿಪಾಠ. "ನಮ್ಮ ಯಜಮಾನರು ಆ ಕೊಳಲು ಕೇಳಿಸಿದ ಮೇಲೆ ಮಾತ್ರೆ ತೆಗೆದುಕೊಳ್ಳುವುದು ರೂಢಿಯಾಗಿತ್ತು. ಈಗ ಮರೆಯುತ್ತಿದ್ದಾರೆ. ದಯವಿಟ್ಟು ಮತ್ತೆ ಹಾಕಿ." ಹನ್ನೊಂದೇ ದಿನದಲ್ಲಿ!

ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ಅತಿ ಪ್ರಸಿದ್ಧ ವಿದಾಯದ ಹಾಡೊಂದರ ಚರಿತ್ರೆ ಓದುತ್ತಾ ಹೋದಾಗ, ಕವಿ ಯಾರು, ರಾಗ ಹಾಕಿದವರು ಯಾರು, ಹಾಡಿದವಳು ಯಾರು ಎಂಬುದನ್ನೆಲ್ಲ ದಾಟಿ ಕೊನೆಗೆ ನಾನು ಹೋಗಿ ನಿಂತದ್ದು ಒಂದು ರೇಡಿಯೋ ನಿಲಯದ ಡ್ಯೂಟಿ ರೂಮಿನಲ್ಲಿ. ಅಲ್ಲೊಬ್ಬ ನನ್ನ ಹಾಗೆಯೇ ಪ್ಲೇಟುಗಳಿಲ್ಲದೆ ಒದ್ದಾಡುತ್ತಿದ್ದ. ಹಾಡಿನ ಹೆಸರು ಲಿಲಿ ಮಾರ್ಲೇನ್.

ಮೊದಲಿಂದ ಹೇಳುತ್ತೇನೆ. 1915ರ ಏಪ್ರಿಲ್. ಹ್ಯಾಂಬರ್ಗ್ ಬಂದರಿನ ಕಡೆಯ ಹುಡುಗ ಹಾನ್ಸ್ ಲೈಪ್, ಮೇಷ್ಟರಾಗಿದ್ದವನು, ಬರ್ಲಿನ್ನಿನ ಸೇನಾ ಬ್ಯಾರಕ್ಕಿನ ಮುಂದೆ ರಾತ್ರಿ ಕಾವಲು ನಿಂತಿದ್ದಾನೆ. ರಷ್ಯಾದ ಕಡೆಯ ರಣರಂಗಕ್ಕೆ ಹೊರಡುವ ದಿನ ಹತ್ತಿರವಾಗಿದೆ. ಗೇಟಿನ ಮುಂದೆ ಒಂದು ಬೀದಿ ದೀಪ. ತಲೆಯಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಲಿಲಿ, ಇನ್ನೊಬ್ಬಳು ಮಾರ್ಲೇನ್. ಎರಡು ಹೆಸರನ್ನೂ ಸೇರಿಸಿ ಒಬ್ಬಳೇ ಹುಡುಗಿಯನ್ನು ಮಾಡಿ ಪದ್ಯ ಬರೆದ. ಹಾಡನ್ನು ಕೇಳಿ ಕಣ್ಣೀರು ಹಾಕಿದ ಲಕ್ಷಾಂತರ ಗಂಡಸರಿಗೆ ತಾವು ಹಂಬಲಿಸುತ್ತಿರುವುದು ಒಬ್ಬಳಿಗಲ್ಲ, ಇಬ್ಬರಿಗೆ ಎಂದು ಗೊತ್ತಿರಲಿಲ್ಲ, ಪಾಪ.

ಪದ್ಯ ಸರಳ. ಬ್ಯಾರಕ್ಕಿನ ದೊಡ್ಡ ಗೇಟಿನ ಮುಂದೆ ದೀಪದ ಕಂಬವಿತ್ತು, ಈಗಲೂ ಇದ್ದರೆ ಅಲ್ಲೇ ಮತ್ತೆ ಭೇಟಿಯಾಗೋಣ ಎನ್ನುತ್ತಾನೆ ಸೈನಿಕ. ನಮ್ಮಿಬ್ಬರ ನೆರಳು ಸೇರಿ ಒಂದೇ ಆಗಿ ಕಾಣುತ್ತಿತ್ತು ಎನ್ನುತ್ತಾನೆ. ಅಷ್ಟರಲ್ಲಿ ರಾತ್ರಿಯ ಕಹಳೆ. ಒಳಗೆ ಬಾ, ತಡವಾದರೆ ಮೂರು ದಿನದ ಶಿಕ್ಷೆ ಎಂದು ಕಾವಲಿನವನು ಕೂಗುತ್ತಾನೆ. ಈ ಮೂರು ದಿನದ ಮಾತು ನನಗೆ ಬಹಳ ಇಷ್ಟ. ವಿರಹದ ಪದ್ಯದ ನಡುವೆ ಹಾಜರಾತಿ ಪುಸ್ತಕ ಬಂದುಬಿಟ್ಟಿದೆ. ನಿಜವಾಗಿ ಗೇಟಿನಲ್ಲಿ ನಿಂತವನಿಗಲ್ಲದೆ ಬೇರೆಯವರಿಗೆ ಅದು ಹೊಳೆಯುವುದಿಲ್ಲ. ಆಮೇಲಿನದು ಕತ್ತಲೆ. ಆ ದೀಪಕ್ಕೆ ನಿನ್ನ ನಡಿಗೆ ಗೊತ್ತು, ನನ್ನನ್ನು ಮರೆತು ಬಹಳ ದಿನವಾಯಿತು. ನನಗೇನಾದರೂ ಆದರೆ ದೀಪದ ಕೆಳಗೆ ನಿನ್ನ ಜೊತೆ ನಿಲ್ಲುವವರು ಯಾರು? ಕೊನೆಗೆ ಮಣ್ಣಿನ ಒಳಗಿನಿಂದ, ಕನಸಿನಲ್ಲೆಂಬಂತೆ, ಅವನು ಏಳುತ್ತಾನೆ. ಸಂಜೆಯ ಮಂಜು ಸುಳಿಯುವಾಗ ಮತ್ತೆ ಆ ದೀಪದ ಹತ್ತಿರ ಬಂದು ನಿಲ್ಲುತ್ತೇನೆ ಎನ್ನುತ್ತಾನೆ. ಅಂದರೆ ಹಾಡಿನ ಕೊನೆಯಲ್ಲಿ ನಿಂತಿರುವವನು ಜೀವಂತ ಸೈನಿಕ ಅಲ್ಲ.

ಕೊನೆಯ ಎರಡು ನುಡಿಗಳನ್ನು ಲೈಪ್ ಆ ರಾತ್ರಿ ಬರೆದದ್ದಲ್ಲ. 1937ರಲ್ಲಿ ಕವನ ಸಂಕಲನ ತರುವಾಗ ಸೇರಿಸಿದ್ದು. ಇಪ್ಪತ್ತೊಂದು ವರ್ಷದ ಹುಡುಗ ಬರೆದದ್ದು ಬೇಟದ ಪದ್ಯ. ನಲವತ್ತು ದಾಟಿದ, ಯುದ್ಧದಿಂದ ವಾಪಸು ಬಂದ ಗಂಡಸು ಅದಕ್ಕೆ ದೆವ್ವವನ್ನು ಸೇರಿಸಿದ.

1938ರಲ್ಲಿ ನಾರ್ಬರ್ಟ್ ಶುಲ್ಟ್ಸೆ ಎಂಬ ಸಂಗೀತ ಸಂಯೋಜಕ ಇದಕ್ಕೆ ರಾಗ ಹಾಕಿದ. ಇದೇ ಮನುಷ್ಯ ಇಂಗ್ಲೆಂಡಿನ ಮೇಲೆ ಬಾಂಬು ಸುರಿಸುವ ಹಾಡಿಗೂ ರಾಗ ಹಾಕಿದವನು, ನಾಜಿ ಆಡಳಿತಕ್ಕೆ ಬೇಕಾದದ್ದನ್ನೆಲ್ಲ ಹೊಸೆದು ಕೊಟ್ಟವನು. ಅವನ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಹಾಡಿದವಳು ಲಾಲೆ ಆಂಡರ್ಸನ್. ಬ್ರೇಮರ್‌ಹಾಫೆನ್ ಬಂದರಿನ ಹೆಂಗಸು, 1905ರಲ್ಲಿ ಹುಟ್ಟಿದವಳು, ಕ್ಯಾಬರೆಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದಳು. 1939ರ ಆಗಸ್ಟ್ 2ರಂದು ಬರ್ಲಿನ್ನಿನಲ್ಲಿ ಧ್ವನಿಮುದ್ರಣ. ಪ್ಲೇಟಿನ ಮೇಲೆ 'ಯುವ ಕಾವಲುಗಾರನ ಹಾಡು' ಎಂದು ಹೆಸರು. ಆರಂಭದಲ್ಲೇ ಸೈನಿಕರನ್ನು ಮಲಗಲು ಕರೆಯುವ ಕಹಳೆಯನ್ನು ಸೇರಿಸಿದರು. ಒಂದು ತಿಂಗಳಲ್ಲಿ ಯುದ್ಧ ಶುರುವಾಯಿತು. ಪ್ಲೇಟು ಮಾತ್ರ ಓಡಲಿಲ್ಲ. ಏಳುನೂರರಷ್ಟು ಪ್ರತಿ ಮಾರಾಟವಾದವು ಎಂದು ಬರೆಯುತ್ತಾರೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಕವಿ, ಸಂಯೋಜಕ, ಗಾಯಕಿ ಮೂವರೂ ತಮ್ಮ ಕೆಲಸ ಮಾಡಿ ಮುಗಿಸಿದ್ದರು, ಹಾಡು ಸತ್ತಿತ್ತು.

ಇನ್ನು ಮುಂದಿನದು ನಮ್ಮವರ ಕಥೆ, ರೇಡಿಯೋದವರದು.

1941ರ ಏಪ್ರಿಲ್‌ನಲ್ಲಿ ಜರ್ಮನರು ಬಾಂಬು ಹಾಕಿ ಯುಗೋಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡನ್ನು ಹಿಡಿದರು. ಸಾವಿರಾರು ಜನ ಸತ್ತ ಊರು ಅದು, ಇದನ್ನು ಮರೆತು ಈ ಹಾಡಿನ ಬಗ್ಗೆ ಮಾತಾಡಬಾರದು. ಅಲ್ಲಿನ ರೇಡಿಯೋ ನಿಲಯವನ್ನು ತಮ್ಮ ಸೈನಿಕರಿಗಾಗಿ ಪ್ರಸಾರ ಮಾಡಲು ವಶಪಡಿಸಿಕೊಂಡರು. ಮುಖ್ಯಸ್ಥ ಲೆಫ್ಟಿನೆಂಟ್ ಕಾರ್ಲ್ ಹೈನ್ಜ್ ರೈಂಟ್ಗೆನ್. ಟ್ರಾನ್ಸ್‌ಮಿಟರ್ ಇದೆ, ಸಿಬ್ಬಂದಿ ಇದೆ, ಹಾಕಲು ಪ್ಲೇಟುಗಳಿಲ್ಲ. ವಿಯೆನ್ನಾದ ರೇಡಿಯೋದಲ್ಲಿ ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಪ್ಲೇಟುಗಳ ಒಂದು ಪೆಟ್ಟಿಗೆಯನ್ನು ತರಿಸಿಕೊಂಡರು. ಅದರೊಳಗಿತ್ತು ಲಾಲೆಯ ಹಾಡು. 1941ರ ಆಗಸ್ಟ್ 18ರಂದು ಮೊದಲ ಸಲ ಪ್ರಸಾರವಾಯಿತು.

ಇರುವ ನಾಲ್ಕು ಪ್ಲೇಟನ್ನೇ ತಿರುಗಿಸಿ ಮುರುಗಿಸಿ ಹಾಕುವ ಸಂಕಟ ನನಗೆ ಗೊತ್ತು. ರೈಂಟ್ಗೆನ್‌ಗೂ ಸಾಕಾಗಿರಬೇಕು, ಸ್ವಲ್ಪ ದಿನ ಹಾಕಿ ನಿಲ್ಲಿಸಿದ. ಆಮೇಲೆ ಬಂತು ನೋಡಿ ಕಾಗದಗಳ ಮಳೆ. ಎಲ್ಲೆಲ್ಲಿಂದಲೋ ಸೈನಿಕರು ಬರೆದರು, ಆ ಕಾವಲುಗಾರನ ಹಾಡು ಎಲ್ಲಿ ಹೋಯಿತು ಎಂದು. ನನ್ನ ಮಾತ್ರೆಯ ಅಂಚೆ ಕಾರ್ಡಿನ ದೊಡ್ಡಣ್ಣ! ಆಗ ಅವನು ನಿರ್ಧರಿಸಿದ: ದಿನಕ್ಕೆ ಒಂದೇ ಸಲ, ರಾತ್ರಿ 9 ಗಂಟೆ 57 ನಿಮಿಷಕ್ಕೆ, ಹತ್ತಕ್ಕೆ ಮೂರು ನಿಮಿಷ ಇರುವಾಗ. ಅದಕ್ಕೆ ಮುಂಚೆ ಮನೆಯವರು ಸೈನಿಕರಿಗೆ, ಸೈನಿಕರು ಮನೆಯವರಿಗೆ ಹೇಳಿಕಳಿಸಿದ ಶುಭಾಶಯಗಳನ್ನು ಓದುವುದು. ನಮ್ಮ ಕೋರಿಕೆ ಕಾರ್ಯಕ್ರಮ ಅನ್ನಿ. ಆಮೇಲೆ ಕಹಳೆ, ಲಾಲೆಯ ದನಿ, ಶುಭರಾತ್ರಿ.

ಈ 9:57 ಎಂಬುದನ್ನು ಎಲ್ಲ ಲೇಖಕರೂ ಒಂದು ಸೊಗಸಾದ ವಿವರ ಎಂಬಂತೆ ಬರೆದು ಮುಂದೆ ಹೋಗುತ್ತಾರೆ. ನಾನು ಅಲ್ಲೇ ನಿಲ್ಲುತ್ತೇನೆ. ಬೆಲ್‌ಗ್ರೇಡ್‌ನದು ಮೀಡಿಯಂ ವೇವ್. ಹಗಲು ಹೊತ್ತು ವಾಯುಮಂಡಲದ ಮೇಲಿನ ಅಯಾನುಗೋಳದ ಕೆಳಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಹೀಗಾಗಿ ಹಗಲಿನಲ್ಲಿ ನಿಲಯದ ಸುತ್ತಮುತ್ತಲಿನವರಿಗಷ್ಟೇ ಅದು ಕೇಳಿಸುವುದು. ಸೂರ್ಯ ಮುಳುಗಿದ ಮೇಲೆ ಆ ಕೆಳಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಕ್ಕೆ ಹೋಗಿ, ಅಲ್ಲಿನ ಪದರಕ್ಕೆ ಬಡಿದು, ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೆಳಗಿಳಿಯುತ್ತವೆ. ನಮ್ಮ ಮನೆಗಳಲ್ಲಿ ರಾತ್ರಿ ಹೊತ್ತು ರೇಡಿಯೋ ಸಿಲೋನ್ ಜೊತೆಗೆ ಅರ್ಥವಾಗದ ಯಾವ್ಯಾವುದೋ ಭಾಷೆ ನುಸುಳುತ್ತಿತ್ತಲ್ಲ, ಅದೇ ಈ ವಿದ್ಯೆ. ರೈಂಟ್ಗೆನ್ ಈ ಹಾಡನ್ನು ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿದ್ದರೆ ಬೆಲ್‌ಗ್ರೇಡಿನ ಸುತ್ತಲಿನ ಜರ್ಮನ್ ಗುಮಾಸ್ತರು ಕೇಳಿ ಮರೆಯುತ್ತಿದ್ದರು. ರಾತ್ರಿ ಹಾಕಿದ್ದರಿಂದ ಅದು ಮೆಡಿಟರೇನಿಯನ್ ಸಮುದ್ರವನ್ನು ದಾಟಿ ಲಿಬಿಯಾದ ಮರಳಿನಲ್ಲಿ ಇಳಿಯಿತು.

ಅಲ್ಲಿ ಒಂದು ಕಡೆ ಜರ್ಮನ್ ಸೇನಾನಿ ರೊಮೆಲ್‌ನ ಆಫ್ರಿಕಾ ಕೋರ್ ಪಡೆ, ಇನ್ನೊಂದು ಕಡೆ ಬ್ರಿಟಿಷರ ಎಂಟನೇ ಸೇನೆ. ಹಗಲೆಲ್ಲ ಟ್ಯಾಂಕು, ಧೂಳು, ನೊಣ. ಕತ್ತಲಾದರೆ ಚಳಿ ಮತ್ತು ನಿಶ್ಶಬ್ದ. ಗಾಡಿಗಳಲ್ಲಿದ್ದ ವೈರ್‌ಲೆಸ್ ಸೆಟ್ಟಿನ ತಿರುಗಣೆ ತಿರುಗಿಸಿದರೆ ಬೆಲ್‌ಗ್ರೇಡ್. ಜರ್ಮನ್ ಬಾರದ ಇಂಗ್ಲಿಷ್ ಹುಡುಗರೂ ಕೇಳತೊಡಗಿದರು. ಆಗ ಮರುಭೂಮಿಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಟ್ಸ್‌ರಾಯ್ ಮೆಕ್ಲೀನ್ ತನ್ನ ನೆನಪುಗಳಲ್ಲಿ ಈ ಹಾಡಿನ ಬಗ್ಗೆ ಬರೆದಿದ್ದಾನೆ. ಎಂಟನೇ ಸೇನೆಯಲ್ಲಿ ನಾಲ್ಕನೇ ಇಂಡಿಯನ್ ಡಿವಿಷನ್ ಇತ್ತು. ನಮ್ಮವರ ಕಿವಿಗೂ ಬಿದ್ದಿರಲೇಬೇಕು ಎನ್ನುವುದು ನನ್ನ ಊಹೆ. ಪಂಜಾಬಿನ ಹಳ್ಳಿಯ ಜವಾನನೊಬ್ಬ ಲಿಬಿಯಾದಲ್ಲಿ ಕೂತು, ಸರ್ಬಿಯಾದಿಂದ ಬರುವ ಜರ್ಮನ್ ಹಾಡು ಕೇಳುತ್ತಾ ಯಾರನ್ನು ನೆನೆದಿರಬಹುದು?

ಅವಳ ದನಿಯ ಬಗ್ಗೆ ಒಂದು ಮಾತು. ಅಂತರ್ಜಾಲದಲ್ಲಿ 1939ರ ಮೂಲ ಧ್ವನಿಮುದ್ರಣ ಸಿಗುತ್ತದೆ, ಕೇಳಿ. ಲಾಲೆ ದೊಡ್ಡ ಗಾಯಕಿ ಅಲ್ಲ. ದನಿ ಸ್ವಲ್ಪ ಒರಟು, ಮೇಲಿನ ಸ್ವರಗಳಿಗೆ ಹೋಗುವ ಆಸೆಯೇ ಇಲ್ಲ. ಬಿಕ್ಕುವುದಿಲ್ಲ, ಎಳೆಯುವುದಿಲ್ಲ. ಹಿಂದೆ ಗಂಡಸರ ಮೇಳ ಗುನುಗುತ್ತಿರುತ್ತದೆ, ಅವಳು ಬಟ್ಟೆ ಮಡಚುತ್ತಾ ಹಾಡಿಕೊಳ್ಳುವ ಹಾಗೆ ಹಾಡುತ್ತಾಳೆ. ಆಮೇಲೆ ಇದನ್ನು ಎಷ್ಟೋ ಜನ ಇವಳಿಗಿಂತ ಚೆನ್ನಾಗಿ ಹಾಡಿದ್ದಾರೆ. ಹಾಲಿವುಡ್ ನಟಿ ಮಾರ್ಲೀನ್ ಡೀಟ್ರಿಚ್ ಹಾಡಿದ್ದು ಕೇಳಿದರೆ ಡೀಟ್ರಿಚ್ ಕಣ್ಣಿಗೆ ಕಟ್ಟುತ್ತಾಳೆ. ಲಾಲೆಯದರಲ್ಲಿ ಕಣ್ಣಿಗೆ ಕಟ್ಟುವುದು ದೀಪದ ಕಂಬ ಮಾತ್ರ. ಮೈಕಿನ ಮುಂದೆ ಎಷ್ಟೋ ಒಳ್ಳೆಯ ಗಾಯಕರನ್ನು ಕೂರಿಸಿದ ಅನುಭವದಿಂದ ಹೇಳುತ್ತೇನೆ, ರಾತ್ರಿ ಹತ್ತು ಗಂಟೆಗೆ ಕೇಳುಗನಿಗೆ ಬೇಕಾಗುವುದು ಇಂಥ ದನಿಯೇ.

ಒಂದು ವಿಚಿತ್ರವನ್ನೂ ಗಮನಿಸಿ. ಪದ್ಯದಲ್ಲಿ ಮಾತಾಡುವವನು ಸೈನಿಕ, ಹಾಡುತ್ತಿರುವವಳು ಹೆಂಗಸು. ಲಿಲಿಯನ್ನು ಕರೆಯುತ್ತಿರುವ ದನಿಯೇ ಲಿಲಿಯ ದನಿಯಾಗಿಬಿಡುತ್ತದೆ. ಕೇಳುವ ಸೈನಿಕನಿಗೆ ತಾನು ಹೇಳಬೇಕೆಂದಿದ್ದನ್ನು ಅವಳೇ ತನಗೆ ಹೇಳಿದಂತಾಗುತ್ತದೆ.

ಗೋಬೆಲ್ಸ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ಪ್ರಚಾರ ಮಂತ್ರಿಗೆ ಬೇಕಾದದ್ದು ಎದೆಯುಬ್ಬಿಸುವ ಕವಾಯತಿನ ಹಾಡು. ಇದೋ, ಸತ್ತವನೊಬ್ಬ ದೀಪದ ಕೆಳಗೆ ಬಂದು ನಿಲ್ಲುವ ಹಾಡು. ಆದರೆ ಸೈನಿಕರೇ ಬೇಕೆಂದಾಗ ಪೂರ್ತಿ ನಿಲ್ಲಿಸಲು ಅವನಿಗೂ ಆಗಲಿಲ್ಲ. ತಮಾಷೆಯೆಂದರೆ 1942ರಲ್ಲಿ ಲಂಡನ್ನಿನಲ್ಲಿ ಬಿಬಿಸಿಯೂ ಅತಿ ಭಾವುಕ ಹಾಡುಗಳಿಗೆ ಕಡಿವಾಣ ಹಾಕಲು ಹೊರಟಿತ್ತು. ವೆರಾ ಲಿನ್ ಸೈನಿಕರಿಗಾಗಿ ಹಾಡುತ್ತಿದ್ದ ಭಾನುವಾರದ ಕಾರ್ಯಕ್ರಮ ಹುಡುಗರನ್ನು ಮೆತ್ತಗಾಗಿಸುತ್ತದೆ ಎಂದು ದೊಡ್ಡವರೆಲ್ಲ ಮೂಗು ಮುರಿದಿದ್ದರು. ಎರಡೂ ಕಡೆಯ ಕುರ್ಚಿಯವರಿಗೆ ಒಂದೇ ಭಯ. ಮನೆಯ ನೆನಪಾದ ಸೈನಿಕ ಗುಂಡು ಹೊಡೆಯುವುದಿಲ್ಲ ಎಂದು ತಿಳಿದಿದ್ದರೋ ಏನೋ. ನೆನಪೂ ಆಯಿತು, ಗುಂಡೂ ಹೊಡೆದರು. ಹಾಡು ಮುಗಿದ ಮರುದಿನ ಬೆಳಿಗ್ಗೆ ಅದೇ ಎರಡು ಸೇನೆಗಳು ಒಂದನ್ನೊಂದು ಕೊಂದವು. ಈ ಹಾಡು ಶತ್ರುಗಳನ್ನು ಒಂದುಗೂಡಿಸಿತು ಎಂದು ಕೆಲವರು ಬರೆಯುವುದನ್ನು ಓದಿದಾಗ ನನಗೆ ಕಸಿವಿಸಿ. ಮೂರು ನಿಮಿಷ ಒಂದೇ ನಿಲಯ ಕೇಳಿದರು, ಅಷ್ಟೇ.

ವೆರಾ ಲಿನ್ ಹಾಡಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಮತ್ತೆ ಸಿಗೋಣ ಎನ್ನುವ ಆಕೆಯ ಪ್ರಸಿದ್ಧ ಹಾಡೂ 1939ರದೇ. ಎಲ್ಲಿ, ಯಾವಾಗ ಗೊತ್ತಿಲ್ಲ, ಆದರೆ ಒಂದು ಬಿಸಿಲಿನ ದಿನ ಸಿಕ್ಕೇ ಸಿಗುತ್ತೇವೆ ಎಂಬ ಭರವಸೆ ಅದು. ನನಗೆ ಆ ಹಾಡು ರೈಲು ಹೊರಡುವಾಗ ಕಿಟಕಿಯಲ್ಲಿ ಕೈ ಬೀಸುತ್ತಾ ಆಡುವ ಮಾತಿನಂತೆ. ಲಿಲಿ ಮಾರ್ಲೇನ್ ರೈಲು ಹೋದ ಮೇಲೆ ಪ್ಲಾಟ್‌ಫಾರಂನಲ್ಲಿ ಉಳಿದುಹೋದವರದು.

ಲಾಲೆಗೆ ಪ್ರಸಿದ್ಧಿ ಸುಖ ತರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿದ್ದ ಯಹೂದಿ ಗೆಳೆಯರ ಜೊತೆ ಸಂಪರ್ಕ ಇಟ್ಟುಕೊಂಡಿದ್ದಾಳೆ ಎಂದು 1942ರಲ್ಲಿ ಅವಳು ಹಾಡುವುದನ್ನೇ ನಿಷೇಧಿಸಿದರು. ನಿದ್ರೆ ಮಾತ್ರೆ ನುಂಗಿ ಸಾಯಲು ಹೋಗಿ ಬದುಕಿಕೊಂಡಳು. ಅವಳನ್ನು ಸೆರೆಶಿಬಿರಕ್ಕೆ ಹಾಕಿದ್ದಾರೆಂಬ ಸುದ್ದಿ ಬಿಬಿಸಿಯಲ್ಲಿ ಬಂತು. ಅದು ಸುಳ್ಳು ಎಂದು ತೋರಿಸುವ ಅಗತ್ಯ ನಾಜಿಗಳಿಗೆ ಬಿದ್ದಿತು. 1943ರಲ್ಲಿ ಮತ್ತೆ ವೇದಿಕೆಗೆ ಬಿಟ್ಟರು, ಲಿಲಿ ಮಾರ್ಲೇನ್ ಮಾತ್ರ ಹಾಡಕೂಡದು ಎಂಬ ಷರತ್ತಿನ ಮೇಲೆ. ಜನ ಅವಳನ್ನು ನೋಡಲು ಬರುತ್ತಿದ್ದುದೇ ಅದಕ್ಕಾಗಿ! ಯುದ್ಧ ಮುಗಿಯುವ ಹೊತ್ತಿಗೆ ಉತ್ತರ ಸಮುದ್ರದ ಲಾಂಗೆಓಗ್ ಎಂಬ ಪುಟ್ಟ ದ್ವೀಪ ಸೇರಿಕೊಂಡಿದ್ದಳು.

ಇತ್ತ ಬ್ರಿಟಿಷರಿಗೆ ಬೇರೆ ತಲೆನೋವು. ತಮ್ಮ ಹುಡುಗರು ಶತ್ರುವಿನ ಭಾಷೆಯಲ್ಲಿ ಹಾಡುತ್ತಿದ್ದಾರೆ, ಇದು ಚೆನ್ನಾಗಿರುವುದಿಲ್ಲ. ಬಿಬಿಸಿಯ ಜರ್ಮನ್ ವಿಭಾಗ ಜರ್ಮನಿಯಿಂದ ಓಡಿಬಂದಿದ್ದ ನಟಿ ಲೂಸಿ ಮಾನ್‌ಹೈಮ್ ಕೈಯಲ್ಲಿ ಇದೇ ಧಾಟಿಗೆ ಹಿಟ್ಲರನನ್ನು ಬೈಯುವ ಹಾಡು ಹಾಡಿಸಿ ಜರ್ಮನರಿಗೇ ಪ್ರಸಾರ ಮಾಡಿತು. ತಮ್ಮವರಿಗಾಗಿ ಟಾಮಿ ಕಾನರ್ ಎಂಬಾತ ಇಂಗ್ಲಿಷ್ ಸಾಹಿತ್ಯ ಬರೆದ, ಆನ್ ಶೆಲ್ಟನ್ ಹಾಡಿದಳು. ಇಂಗ್ಲಿಷ್ ಆವೃತ್ತಿಯಲ್ಲಿ ಮಣ್ಣಿನಿಂದ ಏಳುವ ಸೈನಿಕ ಇಲ್ಲ, ಎಲ್ಲವೂ ಮುದ್ದುಮುದ್ದು. ದೆವ್ವವನ್ನು ಓಡಿಸಿ ಸಕ್ಕರೆ ಹಾಕಿದ್ದಾರೆ. 1944ರಲ್ಲಿ ಇಟಲಿಯಲ್ಲಿ ಸಾಯುತ್ತಿದ್ದ ಎಂಟನೇ ಸೇನೆಯವರು ಕಟ್ಟಿಕೊಂಡ ಕುಚೋದ್ಯದ ಹಾಡೇ ನನಗೆ ಇದಕ್ಕಿಂತ ಇಷ್ಟ. ನಾರ್ಮಂಡಿಯ ದಾಳಿಯಿಂದ ತಪ್ಪಿಸಿಕೊಂಡು ಇಟಲಿಯಲ್ಲಿ ಮಜಾ ಮಾಡುತ್ತಿದ್ದಾರೆ ಎಂದು ಪಾರ್ಲಿಮೆಂಟಿನ ಹೆಂಗಸೊಬ್ಬಳು ಹೀಯಾಳಿಸಿದಳೆಂಬ ಗಾಳಿಮಾತು ಹಬ್ಬಿತ್ತು. ಹೌದಮ್ಮಾ, ಇಲ್ಲಿ ಬರೀ ದ್ರಾಕ್ಷಾರಸ ಕುಡಿಯುತ್ತಿದ್ದೇವೆ ಎಂದು ಶುರುವಾಗುವ ಆ ಹಾಡು, ಬೆಟ್ಟದ ಮೇಲಿನ ಹೆಸರಿಲ್ಲದ ಶಿಲುಬೆಗಳನ್ನು ತೋರಿಸಿ ಮುಗಿಯುತ್ತದೆ. ಧಾಟಿ ಲಿಲಿ ಮಾರ್ಲೇನ್‌ದೇ. ಲೈಪ್ ಸೇರಿಸಿದ್ದ ಸಾವು ಅಲ್ಲಿ ಹಿಂದಿರುಗಿತು.

1944ರ ಅಕ್ಟೋಬರ್ 20ರಂದು ಬೆಲ್‌ಗ್ರೇಡ್ ಜರ್ಮನರ ಕೈತಪ್ಪಿತು. ಊರನ್ನು ಹೊಕ್ಕ ಪಾರ್ಟಿಸನ್ನರ, ಅಂದರೆ ಯುಗೋಸ್ಲಾವಿಯಾದ ಗೆರಿಲ್ಲಾ ಯೋಧರ, ಜೊತೆ ಒಬ್ಬ ಬ್ರಿಟಿಷ್ ಅಧಿಕಾರಿಯೂ ಇದ್ದ, ಮರುಭೂಮಿಯಲ್ಲಿ ಹಾಡು ಕೇಳಿದ್ದ ಅದೇ ಮೆಕ್ಲೀನ್. ಹಾಡು ಹೊರಡುತ್ತಿದ್ದ ಊರಿಗೇ ಬಂದು ಮುಟ್ಟಿದ್ದ.

ಲಾಲೆ 1961ರಲ್ಲಿ, ಐವತ್ತಾರು ತುಂಬಲು ಕೆಲವೇ ದಿನ ಇರುವಾಗ, ಯೂರೋವಿಷನ್ ಸ್ಪರ್ಧೆಗೆ ಪಶ್ಚಿಮ ಜರ್ಮನಿಯ ಪರವಾಗಿ ಹೋದಳು. ಹಾಡಿದ್ದು ಮತ್ತೊಂದು ವಿದಾಯದ ಹಾಡು, ಒಂದಲ್ಲ ಒಂದು ದಿನ ಮತ್ತೆ ನೋಡೋಣ ಎಂದು. ಬಂದದ್ದು ಹದಿಮೂರನೆಯ ಸ್ಥಾನ. 1972ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಳು. ಬೇಡದ ಪ್ಲೇಟುಗಳ ಪೆಟ್ಟಿಗೆ ಹೊರಟ ಊರು ಅದೇ. ಮಣ್ಣು ಮಾಡಿದ್ದು ಲಾಂಗೆಓಗ್ ದ್ವೀಪದಲ್ಲಿ.

ನಾನು ಈ ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಒಂದು ಹುಚ್ಚು ಹತ್ತಿತು. ಆ ಹಾಡನ್ನು ಅದರ ಹೊತ್ತಿಗೇ ಕೇಳಬೇಕು ಎಂದು. ಲೆಕ್ಕ ಹಾಕಿದೆ. ಬೆಲ್‌ಗ್ರೇಡಿನ ಈಗಿನ ಬೇಸಿಗೆ ಗಡಿಯಾರದಲ್ಲಿ ರಾತ್ರಿ 9:57 ಎಂದರೆ ನಮಗೆ ನಡುರಾತ್ರಿ ಕಳೆದು 1:27. ಹೋದ ಶನಿವಾರ ಅಲಾರಂ ಇಟ್ಟುಕೊಂಡು ಎದ್ದೆ. ಎರಡು ನಿಮಿಷ ಮುಂಚೆಯೇ ಎಚ್ಚರವಾಗಿತ್ತು, ಅಭ್ಯಾಸ. ಕತ್ತಲಲ್ಲಿ ಫೋನು ಹಿಡಿದು ಸೆಕೆಂಡಿನ ಮುಳ್ಳು ನೋಡುತ್ತಾ ಕೂತೆ. ಸರಿಯಾಗಿ ಒಂದು ಇಪ್ಪತ್ತೇಳಕ್ಕೆ ಬೆರಳು ಒತ್ತಿದೆ. ಕಹಳೆ ಊದಿತು.

ಪಕ್ಕದಲ್ಲಿ ಯಜಮಾನರು ನಿದ್ದೆಗಣ್ಣಲ್ಲೇ ಮಗ್ಗುಲಾಗಿ, "ಯಾರೇ ಅದು ಈ ಹೊತ್ತಲ್ಲಿ?" ಅಂದರು.

"ಯಾರೂ ಇಲ್ಲ, ಮಲಗಿ. ಇನ್ನು ಮೂರು ನಿಮಿಷ" ಅಂದೆ.